ಟೇಬಲ್ ರಚನೆ ಬದಲಾವಣೆ ಮತ್ತು ಡೇಟಾಬೇಸ್ ಆರೈಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಉತ್ತರಗಳು ಮೈಎಸ್‌ಕ್ಯೂಎಲ್ 8.0 ಮತ್ತು 8.4ರ ಇನ್ನೊಡಿಬಿ (ಡೇಟಾ ಇಡುವ ಡೀಫಾಲ್ಟ್ ಎಂಜಿನ್) ಟೇಬಲ್‌ಗಳಿಗೆ ಸಂಬಂಧಿಸಿದವು. ಮರಿಯಾಡಿಬಿ ಬಳಸುವವರಿಗೂ ಬಹುಪಾಲು ಹೊಂದುತ್ತವೆ, ಆದರೆ ಆವೃತ್ತಿ ಸಂಖ್ಯೆ ಮತ್ತು ಕೆಲವು ಆಜ್ಞೆಗಳು ಅಲ್ಲಿ ಬೇರೆ. ಆಜ್ಞೆಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಉದಾಹರಣೆ ಬೇಕಾದ ಕಡೆಯಲ್ಲೆಲ್ಲ ಒಂದು ಗ್ರಂಥಾಲಯದ ‘ಸದಸ್ಯರು’ ಎಂಬ ಟೇಬಲ್ ಇದೆ ಅಂದುಕೊಳ್ಳಿ.

ಟೇಬಲ್ ರಚನೆ ಬದಲಿಸುವ ಆಲ್ಟರ್ ಟೇಬಲ್ ಕೊಟ್ಟು ಹತ್ತು ನಿಮಿಷ ಆಯ್ತು, ಮುಗೀತಿಲ್ಲ. ಅದರ ಜೊತೆಗೆ ಇಡೀ ಸೈಟೇ ನಿಂತುಹೋಗಿದೆ. ಈಗ ಏನು ಮಾಡಲಿ?

ಮೊದಲು ಆ ಆಲ್ಟರನ್ನೇ ಕಿಲ್ ಮಾಡಿ. ಕಾರಣ ಹುಡುಕುವುದು ಆಮೇಲೆ.

‘ಶೋ ಫುಲ್ ಪ್ರೊಸೆಸ್‌ಲಿಸ್ಟ್’ ಕೊಟ್ಟು ನೋಡಿ. ಸ್ಟೇಟ್ ಕಾಲಂನಲ್ಲಿ ‘ವೇಟಿಂಗ್ ಫಾರ್ ಟೇಬಲ್ ಮೆಟಾಡೇಟಾ ಲಾಕ್’ ಎಂದಿದ್ದರೆ ನಿಮ್ಮ ಆಲ್ಟರ್ ಇನ್ನೂ ಕೆಲಸ ಶುರುವೇ ಮಾಡಿಲ್ಲ, ಬಾಗಿಲಲ್ಲಿ ಕಾಯುತ್ತಿದೆ. ಟೇಬಲ್ ಮುಟ್ಟಿದ ಪ್ರತಿ ಟ್ರಾನ್ಸಾಕ್ಷನ್, ಅದು ಬರೀ ಸೆಲೆಕ್ಟ್ ಆಗಿದ್ದರೂ ಸರಿ, ಕಮಿಟ್ ಅಥವಾ ರೋಲ್‌ಬ್ಯಾಕ್ ಆಗುವವರೆಗೆ ಆ ಟೇಬಲ್ ಮೇಲೆ ಮೆಟಾಡೇಟಾ ಲಾಕ್ (ರಚನೆ ಬದಲಾಗದಂತೆ ಹಾಕುವ ಬೀಗ) ಹಿಡಿದಿರುತ್ತದೆ. ಆಲ್ಟರ್‌ಗೆ ಪೂರ್ತಿ ಹಕ್ಕಿನ ಲಾಕ್ ಬೇಕು, ಹಾಗಾಗಿ ಅದು ಕಾಯುತ್ತದೆ. ಪೆಟ್ಟು ಬೀಳುವುದು ಆಮೇಲೆ: ಆಲ್ಟರ್ ಸಾಲಿನಲ್ಲಿ ನಿಂತ ಕ್ಷಣದಿಂದ ಅದರ ನಂತರ ಬಂದ ಎಲ್ಲ ಸೆಲೆಕ್ಟ್‌ಗಳೂ ಅದರ ಹಿಂದೆ ನಿಲ್ಲುತ್ತವೆ. ಕಿರುಸೇತುವೆಯಲ್ಲಿ ಎತ್ತಿನಗಾಡಿಯ ಹಿಂದೆ ಲಾರಿ ಸಿಕ್ಕಿಕೊಂಡರೆ ಸ್ಕೂಟರ್‌ಗೂ ದಾರಿಯಿಲ್ಲ. ಲಾರಿ ತೆಗೆದರೆ ಸ್ಕೂಟರ್‌ಗಳು ಗಾಡಿಯ ಪಕ್ಕದಲ್ಲೇ ನುಸುಳಿ ಹೋಗುತ್ತವೆ. ಆಲ್ಟರನ್ನು ಮೊದಲು ಕಿಲ್ ಮಾಡಿ ಎಂದದ್ದು ಅದಕ್ಕೇ. ಲಾಕ್‌ಗಾಗಿ ಕಾಯುತ್ತಿರುವ ಆಲ್ಟರನ್ನು ಕಿಲ್ ಮಾಡಿದರೆ ಡೇಟಾಗೆ ಏನೂ ಆಗುವುದಿಲ್ಲ.

ಇನ್ನು ಎತ್ತಿನಗಾಡಿ ಯಾವುದು? ‘ಸಿಸ್’ ಸ್ಕೀಮಾದ ‘ಸ್ಕೀಮಾ_ಟೇಬಲ್_ಲಾಕ್_ವೇಟ್ಸ್’ ವ್ಯೂ ಯಾರು ಯಾರನ್ನು ತಡೆದಿದ್ದಾರೆಂದು ನೇರವಾಗಿ ತೋರಿಸುತ್ತದೆ. ಅದು ಆಲ್ಟರ್ ಕಾಯುತ್ತಿರುವಾಗ ಮಾತ್ರ ಸಾಲು ಕೊಡುತ್ತದೆ, ಆದ್ದರಿಂದ ಕಿಲ್ ಮಾಡಿದ ಮೇಲೆ ‘ಇನ್‌ಫರ್ಮೇಷನ್_ಸ್ಕೀಮಾ’ದ ‘ಇನ್ನೊಡಿಬಿ_ಟಿಆರ್‌ಎಕ್ಸ್’ ಟೇಬಲನ್ನು ಶುರುವಾದ ಸಮಯದ ಪ್ರಕಾರ ಜೋಡಿಸಿ ನೋಡಿ. ಅತಿ ಹಳೆಯ ಟ್ರಾನ್ಸಾಕ್ಷನ್ ಮೇಲೆಯೇ ಅನುಮಾನ. ಹೆಚ್ಚಿನ ಸಲ ಅದು ‘ಸ್ಲೀಪ್’ ಸ್ಥಿತಿಯಲ್ಲಿ ಸಿಗುತ್ತದೆ: ಆಟೋಕಮಿಟ್ ಆಫ್ ಮಾಡಿ ವರ್ಕ್‌ಬೆಂಚ್ ತೆರೆದಿಟ್ಟು ಊಟಕ್ಕೆ ಹೋದವರದ್ದೋ, ಕಮಿಟ್ ಮಾಡಲು ಮರೆತ ವರದಿ ಸ್ಕ್ರಿಪ್ಟಿನದ್ದೋ ಆಗಿರುತ್ತದೆ.

ಮತ್ತೆ ಹೀಗಾಗದಿರಲು ಆಲ್ಟರ್ ಕೊಡುವ ಸೆಷನ್‌ನಲ್ಲಿ ಮೊದಲು ‘ಸೆಟ್ ಸೆಷನ್ ಲಾಕ್_ವೇಟ್_ಟೈಮ್‌ಔಟ್ = 5’ ಎಂದು ಕೊಡಿ. ಇದರ ಡೀಫಾಲ್ಟ್ ಬೆಲೆ 31536000 ಸೆಕೆಂಡ್, ಅಂದರೆ ಒಂದು ವರ್ಷ! ಐದು ಸೆಕೆಂಡಿನಲ್ಲಿ ಲಾಕ್ ಸಿಗದಿದ್ದರೆ ಎರರ್ 1205 ಬಂದು ಆಲ್ಟರ್ ತಾನೇ ಹಿಂದೆ ಸರಿಯುತ್ತದೆ. ಅರ್ಧ ನಿಮಿಷ ಬಿಟ್ಟು ಮತ್ತೆ ಕೊಡಿ. 50 ಸೆಕೆಂಡ್ ಡೀಫಾಲ್ಟ್ ಇರುವ ‘ಇನ್ನೊಡಿಬಿ_ಲಾಕ್_ವೇಟ್_ಟೈಮ್‌ಔಟ್’ ಬೇರೆಯದು. ಅದು ಸಾಲುಗಳ ಲಾಕಿಗೆ ಸಂಬಂಧಿಸಿದ್ದು, ಅದನ್ನು ಬದಲಿಸಿ ಇಲ್ಲಿ ಪ್ರಯೋಜನವಿಲ್ಲ.

‘ಆನ್‌ಲೈನ್’ ಆಲ್ಟರ್ ಅಂದರೆ ಲಾಕ್ ಇಲ್ಲ ಅಂತಲ್ಲವೇ?

ಅಲ್ಲ. ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಕ್ಷಣಕಾಲ ಪೂರ್ತಿ ಲಾಕ್ ಬೇಕೇ ಬೇಕು. ಮೂರು ಗಂಟೆ ಚೆನ್ನಾಗಿ ಓಡಿದ ಆಲ್ಟರ್ ಕೊನೆಯ ಕ್ಷಣದಲ್ಲಿ ಯಾರದೋ ಉದ್ದನೆಯ ಕ್ವೆರಿಗೆ ಸಿಕ್ಕಿ ಸೈಟ್ ನಿಲ್ಲಿಸುವುದು ಹೀಗೆ. ರಾತ್ರಿ ಎರಡು ಗಂಟೆಗೆ ಬ್ಯಾಕಪ್ ಅಥವಾ ವರದಿ ಓಡುವ ಜಾಗದಲ್ಲಿ ‘ರಾತ್ರಿ ಟ್ರಾಫಿಕ್ ಕಡಿಮೆ’ ಎಂದು ಆಲ್ಟರ್ ಹಚ್ಚುವುದು ಎಷ್ಟೋ ಸಲ ಹಗಲಿಗಿಂತ ಕೆಟ್ಟ ಆಯ್ಕೆ.

ಒಂದು ಬದಲಾವಣೆ ಸೆಕೆಂಡಿನಲ್ಲಿ ಮುಗಿಯುತ್ತದೋ ಗಂಟೆಗಟ್ಟಲೆ ಹಿಡಿಯುತ್ತದೋ ಮೊದಲೇ ತಿಳಿಯುವುದು ಹೇಗೆ?

ಸರ್ವರನ್ನೇ ಕೇಳಿ. ಆಲ್ಟರಿನ ಕೊನೆಗೆ ‘ಆಲ್ಗೊರಿದಮ್ = ಇನ್‌ಸ್ಟಂಟ್’ ಎಂದು ಸೇರಿಸಿ. ಆಗದ ಕೆಲಸವಾದರೆ ಎರರ್ 1845 ಅಥವಾ 1846 ಕೊಟ್ಟು ಸುಮ್ಮನಾಗುತ್ತದೆ, ಟೇಬಲ್ ಮುಟ್ಟುವುದಿಲ್ಲ. ಆಮೇಲೆ ‘ಆಲ್ಗೊರಿದಮ್ = ಇನ್‌ಪ್ಲೇಸ್, ಲಾಕ್ = ನನ್’ ಪ್ರಯತ್ನಿಸಿ. ಅದೂ ಆಗದಿದ್ದರೆ ಉಳಿದದ್ದು ಕಾಪಿ: ಇಡೀ ಟೇಬಲನ್ನು ಹೊಸದಾಗಿ ಬರೆಯುವುದು, ಅಷ್ಟು ಹೊತ್ತೂ ಓದಲು ಬರುತ್ತದೆ, ಬರೆಯಲು ಬರುವುದಿಲ್ಲ. ಏನೂ ಹೇಳದೆ ಬಿಟ್ಟರೆ ಸರ್ವರ್ ಈ ಮೂರು ಮೆಟ್ಟಿಲನ್ನು ತಾನೇ ಇಳಿದು, ನಿಮಗೊಂದು ಮಾತೂ ಹೇಳದೆ ಕಾಪಿ ಶುರುಮಾಡುತ್ತದೆ. ಪ್ರೊಡಕ್ಷನ್‌ನಲ್ಲಿ ಆಲ್ಗೊರಿದಮ್ ಬರೆಯದ ಆಲ್ಟರನ್ನು ಒಪ್ಪಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಇನ್‌ಸ್ಟಂಟ್ ಜೊತೆ ‘ಲಾಕ್ = ನನ್’ ಸೇರಿಸಬೇಡಿ, ಆ ಜೋಡಿಯನ್ನು ಸರ್ವರ್ ಒಪ್ಪುವುದಿಲ್ಲ.

ಸ್ಥೂಲವಾಗಿ: ಕಾಲಂ ಸೇರಿಸುವುದು 8.0.12ರಿಂದ ಇನ್‌ಸ್ಟಂಟ್, ಆದರೆ ಕೊನೆಗೆ ಮಾತ್ರ. ನಡುವೆ ಸೇರಿಸುವುದು ಮತ್ತು ಕಾಲಂ ಕಿತ್ತುಹಾಕುವುದು 8.0.29ರಿಂದ. ಡೀಫಾಲ್ಟ್ ಬೆಲೆ ಬದಲಿಸುವುದು, ಈನಮ್ (ನಿಗದಿತ ಬೆಲೆಗಳ) ಪಟ್ಟಿಯ ಕೊನೆಗೆ ಹೊಸ ಬೆಲೆ ಸೇರಿಸುವುದು ಇನ್‌ಸ್ಟಂಟ್. ಇಂಡೆಕ್ಸ್ ಕಟ್ಟುವುದು ಇನ್‌ಪ್ಲೇಸ್: ಹೊತ್ತು ಹಿಡಿಯುತ್ತದೆ, ಬರವಣಿಗೆ ನಿಲ್ಲುವುದಿಲ್ಲ. ಡೇಟಾಟೈಪ್ ಬದಲಾವಣೆ, ಕ್ಯಾರೆಕ್ಟರ್ ಸೆಟ್ ಪರಿವರ್ತನೆ ಸಾಮಾನ್ಯವಾಗಿ ಕಾಪಿ.

ಇನ್‌ಸ್ಟಂಟ್‌ಗೂ ಒಂದು ಮಿತಿಯಿದೆ. ಕಾಲಂ ಸೇರಿಸುವ ಅಥವಾ ತೆಗೆಯುವ ಪ್ರತಿ ಇನ್‌ಸ್ಟಂಟ್ ಆಲ್ಟರ್ ಟೇಬಲ್‌ಗೆ ಒಂದು ‘ರೋ ವರ್ಷನ್’ ಕೂಡಿಸುತ್ತದೆ. 8.0 ಮತ್ತು 8.4ರಲ್ಲಿ ಇದು 64ಕ್ಕೆ ನಿಲ್ಲುತ್ತದೆ. ಈಗ ಎಷ್ಟಾಗಿದೆ ಎಂಬುದು ‘ಇನ್‌ಫರ್ಮೇಷನ್_ಸ್ಕೀಮಾ’ದ ‘ಇನ್ನೊಡಿಬಿ_ಟೇಬಲ್ಸ್’ನ ‘ಟೋಟಲ್_ರೋ_ವರ್ಷನ್ಸ್’ ಕಾಲಂನಲ್ಲಿ ಸಿಗುತ್ತದೆ. ಟೇಬಲನ್ನು ಒಮ್ಮೆ ಪೂರ್ತಿ ಮರುಕಟ್ಟಿದರೆ ಸೊನ್ನೆಗೆ ಬರುತ್ತದೆ.

ಹೆಸರಿನ ಕಾಲಂ ಅನ್ನು ವರ್‌ಚಾರ್ 50ರಿಂದ 60ಕ್ಕೆ ಏರಿಸಿದಾಗ ಕಣ್ಣುಮಿಟುಕಿಸುವುದರಲ್ಲಿ ಆಯಿತು. 60ರಿಂದ 100ಕ್ಕೆ ಏರಿಸಿದರೆ ಗಂಟೆಗಟ್ಟಲೆ ಹಿಡಿಯಿತು. ಯಾಕೆ?

ಗೆರೆ ಇರುವುದು 63 ಮತ್ತು 64ರ ನಡುವೆ.

ಪ್ರತಿ ವರ್‌ಚಾರ್ ಬೆಲೆಯ ಮುಂದೆ ಅದರ ಉದ್ದವನ್ನು ಬರೆದಿಡಬೇಕು. ಕಾಲಂನ ಗರಿಷ್ಠ ಗಾತ್ರ 255 ಬೈಟ್ ಒಳಗಿದ್ದರೆ ಆ ಉದ್ದಕ್ಕೆ ಒಂದು ಬೈಟ್ ಸಾಕು, 256 ಆದ ಕೂಡಲೇ ಎರಡು ಬೇಕು. ಯುಟಿಎಫ್8ಎಂಬಿ4 ಎಂಬ ಕ್ಯಾರೆಕ್ಟರ್ ಸೆಟ್ಟಿನಲ್ಲಿ ಒಂದು ಕ್ಯಾರೆಕ್ಟರಿಗೆ 4 ಬೈಟ್ ಲೆಕ್ಕ. 63 × 4 = 252, 64 × 4 = 256. ಆದ್ದರಿಂದ 50ರಿಂದ 60ಕ್ಕೆ ಹೋಗುವಾಗ ಬದಲಾಗುವುದು ಡೇಟಾ ಡಿಕ್ಷನರಿಯ ಒಂದು ಅಂಕಿ ಮಾತ್ರ. 60ರಿಂದ 100ಕ್ಕೆ ಹೋಗುವಾಗ ಪ್ರತಿಯೊಂದು ಸಾಲನ್ನೂ ಹೊಸ ಬಗೆಯಲ್ಲಿ ಬರೆಯಬೇಕು, ಅಂದರೆ ಕಾಪಿ. ಒಮ್ಮೆ 64 ದಾಟಿದ ಮೇಲೆ 100ರಿಂದ 200ಕ್ಕೆ ಏರಿಸುವುದು ಮತ್ತೆ ಕ್ಷಣದ ಕೆಲಸ. ಕುಗ್ಗಿಸುವುದು ಮಾತ್ರ ಯಾವಾಗಲೂ ಕಾಪಿ. ಹೊಸ ಟೇಬಲ್ ಮಾಡುವಾಗ ಮುಂದೆ ಬೆಳೆಯಬಹುದಾದ ಕಾಲಂಗೆ 64 ಅಥವಾ ಹೆಚ್ಚು ಕೊಟ್ಟುಬಿಡಿ. ಖರ್ಚು ಸಾಲಿಗೊಂದು ಬೈಟ್ ಅಷ್ಟೆ.

ಇನ್ನೊಂದು ವಿಷಯ, ಕನ್ನಡ ಹೆಸರು ತುಂಬುವವರಿಗೆ: ವರ್‌ಚಾರ್ ಎಣಿಸುವುದು ಅಕ್ಷರವನ್ನಲ್ಲ, ಯೂನಿಕೋಡ್ ಕೋಡ್‌ಪಾಯಿಂಟನ್ನು. ‘ಬೆಂಗಳೂರು’ ನಮಗೆ ನಾಲ್ಕು ಅಕ್ಷರ. ಡೇಟಾಬೇಸಿಗೆ ಬ, ಎತ್ವ, ಸೊನ್ನೆ, ಗ, ಳ, ಊತ್ವದ ಕೊಂಬು, ರ, ಉತ್ವದ ಕೊಂಬು ಎಂದು ಎಂಟು, ಡಿಸ್ಕಿನಲ್ಲಿ 24 ಬೈಟ್. ಇಂಗ್ಲಿಷ್ ಹೆಸರಿಗೆ ಅಳೆದಿಟ್ಟ ಉದ್ದ ಕನ್ನಡ ವಿಳಾಸಕ್ಕೆ ಸಾಲದೆ ಎರರ್ 1406 ಬರುವುದು ಇದರಿಂದ.

ಎರರ್ 1071, ‘ಕೀ ತುಂಬಾ ಉದ್ದ’ ಎನ್ನುತ್ತಿದೆ.

ಇಂಡೆಕ್ಸ್ ಕೀಗೆ ಡೈನಮಿಕ್ ರೋ ಫಾರ್ಮ್ಯಾಟಿನಲ್ಲಿ (ಸಾಲುಗಳನ್ನು ಡಿಸ್ಕಿನಲ್ಲಿ ಬರೆಯುವ ಬಗೆ) 3072 ಬೈಟ್ ಮಿತಿ, ಹಳೆಯ ಕಾಂಪ್ಯಾಕ್ಟ್ ಫಾರ್ಮ್ಯಾಟಿನಲ್ಲಿ 767. ವರ್‌ಚಾರ್ 255 ಎಂದರೆ 1020 ಬೈಟ್, ಕಾಂಪ್ಯಾಕ್ಟ್‌ನಲ್ಲಿ ಹಿಡಿಸದು. ಹಳೆಯ ಕೋಡಿನಲ್ಲಿ ಕಾಣುವ 191 ಎಂಬ ವಿಚಿತ್ರ ಸಂಖ್ಯೆ ಹುಟ್ಟಿದ್ದು ಇಲ್ಲೇ: 191 × 4 = 764. ‘ರೋ_ಫಾರ್ಮ್ಯಾಟ್ = ಡೈನಮಿಕ್’ ಮಾಡಿದರೆ ಸರಿಹೋಗುತ್ತದೆ. ಅದಕ್ಕೂ ಟೇಬಲ್ ಮರುಕಟ್ಟಬೇಕಾಗುತ್ತದೆ ಎಂಬುದು ನೆನಪಿರಲಿ.

ಕನ್ನಡ ಡೇಟಾ ಪ್ರಶ್ನೆಚಿಹ್ನೆಗಳಾಗಿದೆ, ಕೆಲವು ಕಡೆ ತಲೆಬುಡವಿಲ್ಲದ ಯುರೋಪಿಯನ್ ಅಕ್ಷರಗಳು. ಕನ್ವರ್ಟ್ ಕೊಟ್ಟರೆ ಸರಿಯಾಗುತ್ತದೆಯೇ?

ಕುರುಡಾಗಿ ಕೊಟ್ಟರೆ ಇನ್ನಷ್ಟು ಕೆಡುತ್ತದೆ. ಮೊದಲು ಡಿಸ್ಕಿನಲ್ಲಿ ನಿಜವಾಗಿ ಏನಿದೆ ನೋಡಿ: ‘ಸೆಲೆಕ್ಟ್ ಹೆಕ್ಸ್(ಹೆಸರು)’. ಕನ್ನಡದ ಪ್ರತಿ ಕೋಡ್‌ಪಾಯಿಂಟ್ ಯುಟಿಎಫ್-8ರಲ್ಲಿ ಮೂರು ಬೈಟ್, ಮೊದಲೆರಡು ಯಾವಾಗಲೂ ‘ಇ0 ಬಿ2’ ಅಥವಾ ‘ಇ0 ಬಿ3’. ‘ಕ’ ಎಂದರೆ ‘ಇ0 ಬಿ2 95’. ಇದನ್ನು ಗುರುತಿಟ್ಟುಕೊಂಡರೆ ರೋಗ ಯಾವುದೆಂದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಸಾಲು ಸಾಲು ‘3ಎಫ್’ ಕಂಡರೆ ಅವು ನಿಜವಾದ ಪ್ರಶ್ನೆಚಿಹ್ನೆಗಳು. ಬರೆಯುವಾಗಲೇ ಡೇಟಾ ಹೋಗಿದೆ, ಹಳೆಯ ಬ್ಯಾಕಪ್ ಬಿಟ್ಟರೆ ದಾರಿಯಿಲ್ಲ.

‘ಇ0 ಬಿ2’ ಸರಿಯಾಗಿದ್ದು ಕಾಲಂ ಮಾತ್ರ ಲ್ಯಾಟಿನ್1 (ಯುರೋಪಿಯನ್ ಅಕ್ಷರಗಳ ಹಳೆಯ ಕ್ಯಾರೆಕ್ಟರ್ ಸೆಟ್) ಎಂದಿದ್ದರೆ ಡೇಟಾ ಸರಿಯಿದೆ, ಹಣೆಪಟ್ಟಿ ತಪ್ಪಿದೆ. ಇಲ್ಲಿ ‘ಕನ್ವರ್ಟ್ ಟು ಕ್ಯಾರೆಕ್ಟರ್ ಸೆಟ್’ ಕೊಡಬಾರದು, ಅದು ಪ್ರತಿ ಬೈಟನ್ನೂ ಒಂದೊಂದು ಲ್ಯಾಟಿನ್ ಅಕ್ಷರವೆಂದು ನಂಬಿ ಅನುವಾದಿಸಿಬಿಡುತ್ತದೆ. ಎರಡು ಹೆಜ್ಜೆಯಲ್ಲಿ ಮಾಡಿ: ಮೊದಲು ಕಾಲಂ ಅನ್ನು ವರ್‌ಬೈನರಿಗೆ (ಟೆಕ್ಸ್ಟ್ ಆಗಿದ್ದರೆ ಬ್ಲಾಬ್‌ಗೆ) ಮಾಡಿಫೈ ಮಾಡಿ, ಆಮೇಲೆ ಅಲ್ಲಿಂದ ಯುಟಿಎಫ್8ಎಂಬಿ4 ವರ್‌ಚಾರ್‌ಗೆ. ನಡುವೆ ಬೈನರಿ ಬಂದದ್ದರಿಂದ ಬೈಟ್‌ಗಳು ಅಲುಗುವುದಿಲ್ಲ.

‘ಸಿ3 ಎ0 ಸಿ2 ಬಿ2’ ಎಂದು ಶುರುವಾದರೆ ಯಾರೋ ಆಗಲೇ ಆ ತಪ್ಪು ಕನ್ವರ್ಟ್ ಮಾಡಿದ್ದಾರೆ, ಅಥವಾ ಕನೆಕ್ಷನ್ ಲ್ಯಾಟಿನ್1 ಎಂದು ಹೇಳಿಕೊಂಡು ಯುಟಿಎಫ್-8 ಕಳಿಸಿದೆ. ಆಗ ಆ ಸಾಲುಗಳನ್ನು ಮಾತ್ರ ಹಿಂದಕ್ಕೆ ತಿರುಗಿಸಬೇಕು: ಲ್ಯಾಟಿನ್1ಗೆ ಕನ್ವರ್ಟ್, ಅದನ್ನು ಬೈನರಿ, ಅದನ್ನು ಯುಟಿಎಫ್8ಎಂಬಿ4ಗೆ ಕನ್ವರ್ಟ್. ಅಪ್‌ಡೇಟಿಗೆ ಮುಂಚೆ ಇದನ್ನೇ ಸೆಲೆಕ್ಟ್‌ನಲ್ಲಿ ಓಡಿಸಿ ನೂರು ಹೆಸರು ಕಣ್ಣಲ್ಲಿ ಓದಿ ನೋಡಿ. ಒಂದೇ ಟೇಬಲ್‌ನಲ್ಲಿ ಹಳೆಯ ಸಾಲು ಒಂದು ರೋಗ, ಹೊಸ ಸಾಲು ಇನ್ನೊಂದು ರೋಗ ಇರುವುದು ಮಾಮೂಲು.

ಕೊಲೇಷನ್ (ಪಠ್ಯ ಹೋಲಿಸುವ, ಜೋಡಿಸುವ ನಿಯಮ) ಬದಲಿಸಿದರೆ ಎರರ್ 1062 ಬಂತು. ಡೂಪ್ಲಿಕೇಟ್ ಹೆಸರುಗಳೇ ಇರಲಿಲ್ಲವಲ್ಲ?

ಇದ್ದವು, ಹಳೆಯ ಕೊಲೇಷನ್‌ಗೆ ಕಾಣುತ್ತಿರಲಿಲ್ಲ. ‘ರಾಜ್‌ಕುಮಾರ್’ ಎಂದು ಅರ್ಧಾಕ್ಷರ ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಕೋಡ್‌ಪಾಯಿಂಟ್ ಬೇಕು: ಝೀರೋ ವಿಡ್ತ್ ನಾನ್ ಜಾಯ್ನರ್. ಅದಿಲ್ಲದಿದ್ದರೆ ‘ರಾಜ್ಕುಮಾರ್’ ಎಂದು ಒತ್ತಕ್ಷರವಾಗುತ್ತದೆ. ಹಳೆಯ ‘ಜನರಲ್_ಸಿಐ’ಗೆ ಇವೆರಡೂ ಬೇರೆ ಬೇರೆ. 8.0ರ ಡೀಫಾಲ್ಟ್ ಆದ ‘0900_ಎಐ_ಸಿಐ’ ಆ ಕಾಣದ ಗುರುತನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಎರಡೂ ಒಂದೇ. ಹುಡುಕಾಟಕ್ಕೆ ಇದು ವರ, ಆ ಕಾಲಂ ಮೇಲೆ ಯುನಿಕ್ ಇಂಡೆಕ್ಸ್ ಇದ್ದರೆ ಮಾತ್ರ ಡಿಕ್ಕಿ. ಆಲ್ಟರಿಗೆ ಮೊದಲೇ ಹೊಸ ಕೊಲೇಷನ್ ಹೆಸರಿಸಿ ‘ಗ್ರೂಪ್ ಬೈ’ ಮಾಡಿ ‘ಹ್ಯಾವಿಂಗ್ ಕೌಂಟ್’ ಒಂದಕ್ಕಿಂತ ಹೆಚ್ಚಿರುವುದನ್ನು ತೆಗೆದು ನೋಡಿ. ವ್ಯಕ್ತಿಯ ಹೆಸರಿನ ಮೇಲೆ ಯುನಿಕ್ ಇಂಡೆಕ್ಸ್ ಇಟ್ಟದ್ದೇ ತಪ್ಪು ಎನ್ನುವುದು ಬೇರೆ ಮಾತು.

ಮಾಡಿಫೈ ಮಾಡಿದ ಮೇಲೆ ಕಾಲಂನ ಡೀಫಾಲ್ಟ್ ಬೆಲೆ ಮಾಯವಾಗಿದೆ.

ಮಾಡಿಫೈ ಮತ್ತು ಚೇಂಜ್ ಎರಡೂ ಕಾಲಂನ ಪೂರ್ತಿ ವ್ಯಾಖ್ಯೆಯನ್ನು ಹೊಸದಾಗಿ ಬರೆಯುತ್ತವೆ. ನೀವು ಹೇಳದ್ದು ಹೋಗುತ್ತದೆ: ನಾಟ್ ನಲ್, ಡೀಫಾಲ್ಟ್, ಕಾಮೆಂಟ್, ಆಟೋ ಇನ್‌ಕ್ರಿಮೆಂಟ್ ಕೂಡ. ‘ಶೋ ಕ್ರಿಯೇಟ್ ಟೇಬಲ್’ ಕೊಟ್ಟು ಆ ಸಾಲನ್ನು ಕಾಪಿ ಮಾಡಿ, ಅದರಲ್ಲಿ ಬೇಕಾದಷ್ಟನ್ನೇ ತಿದ್ದಿ. ಡೀಫಾಲ್ಟ್ ಮಾತ್ರ ಬದಲಿಸಬೇಕಿದ್ದರೆ ‘ಆಲ್ಟರ್ ಕಾಲಂ … ಸೆಟ್ ಡೀಫಾಲ್ಟ್’ ಇದೆ.

ಪ್ರೈಮರಿ ಕೀ ಇಂಟ್ ಆಗಿದೆ, ತುಂಬುತ್ತಾ ಬಂದಿದೆ. ಬಿಗ್‌ಇಂಟ್ ಮಾಡಲು ಹೋದರೆ ಫಾರಿನ್ ಕೀ ಎರರ್.

ಸೈನ್ಡ್ ಇಂಟ್ 2147483647ಕ್ಕೆ ನಿಲ್ಲುತ್ತದೆ. ಅಲ್ಲಿಗೆ ಮುಟ್ಟಿದ ಮೇಲೆ ಪ್ರತಿ ಇನ್ಸರ್ಟಿಗೂ ಅದೇ ಸಂಖ್ಯೆಯ ಮೇಲೆ 1062 ಬರುತ್ತದೆ, ಅಂದರೆ ಬರವಣಿಗೆ ಪೂರ್ತಿ ಬಂದ್. ಎಷ್ಟು ತುಂಬಿದೆ ಎಂದು ‘ಸಿಸ್’ನ ‘ಸ್ಕೀಮಾ_ಆಟೋ_ಇನ್‌ಕ್ರಿಮೆಂಟ್_ಕಾಲಮ್ಸ್’ ಅನುಪಾತದಲ್ಲಿ ಹೇಳುತ್ತದೆ. 0.6 ದಾಟಿದ ಕೂಡಲೇ ಕೆಲಸ ಹಿಡಿಯಿರಿ, 0.9ರಲ್ಲಿ ಹಿಡಿದರೆ ಬೆವರು.

ಸದಸ್ಯರ ಐಡಿಯನ್ನು ‘ಎರವಲು’, ‘ದಂಡ’ ಟೇಬಲ್‌ಗಳು ಫಾರಿನ್ ಕೀ ಮೂಲಕ ಉಲ್ಲೇಖಿಸುತ್ತವೆ ಅಂದುಕೊಳ್ಳಿ. ಎರಡೂ ಬದಿಯ ಟೈಪ್ ಹೊಂದಲೇಬೇಕು, ಹಾಗಾಗಿ ಒಂದನ್ನು ಮಾತ್ರ ಮುಟ್ಟಿದರೆ 1832 ಅಥವಾ 1833, ಹೊಸ ಫಾರಿನ್ ಕೀ ಕಟ್ಟುವಾಗ ಹೊಂದದಿದ್ದರೆ 3780. ಕ್ರಮ ಹೀಗೆ: ಫಾರಿನ್ ಕೀಗಳನ್ನು ಬಿಚ್ಚಿ, ಮಕ್ಕಳ ಟೇಬಲ್‌ಗಳನ್ನು ಮೊದಲು ಬಿಗ್‌ಇಂಟ್ ಮಾಡಿ, ಆಮೇಲೆ ತಾಯಿ ಟೇಬಲ್, ಕೊನೆಗೆ ಕೀಗಳನ್ನು ಮರಳಿ ಕಟ್ಟಿ. ಸೈನ್ಡ್ ಅನ್‌ಸೈನ್ಡ್ ಎರಡು ಕಡೆಯೂ ಒಂದೇ ಇರಲಿ. ‘ಫಾರಿನ್_ಕೀ_ಚೆಕ್ಸ್ = 0’ ಎಂಬ ಅಡ್ಡದಾರಿ ಹಿಡಿಯುವವರು ಒಂದು ತಿಳಿದಿರಲಿ: ಮತ್ತೆ 1 ಮಾಡಿದಾಗ ನಡುವೆ ನುಸುಳಿದ ಅನಾಥ ಸಾಲುಗಳನ್ನು ಸರ್ವರ್ ಪರೀಕ್ಷಿಸುವುದಿಲ್ಲ. ಅಪ್ಲಿಕೇಶನ್ ಕೋಡಿನಲ್ಲೂ 32 ಬಿಟ್ ಇಂಟ್ ಅಡಗಿದೆಯೇ ಹುಡುಕಿ.

ಅರ್ಧದಲ್ಲಿ 1114 ಅಥವಾ 1799 ಬಂದು ಆಲ್ಟರ್ ಬಿದ್ದುಹೋಯಿತು.

1114 ಎಂದರೆ ಹೆಚ್ಚಾಗಿ ಜಾಗ ಮುಗಿದದ್ದು. ಮರುಕಟ್ಟುವ ಆಲ್ಟರ್‌ಗೆ ಡೇಟಾ ಮತ್ತು ಇಂಡೆಕ್ಸ್ ಸೇರಿ ಈಗಿನಷ್ಟೇ ಇನ್ನೊಂದು ಜಾಗ ಬೇಕು, ಜೊತೆಗೆ ಇಂಡೆಕ್ಸ್ ವಿಂಗಡಣೆಗೆ ಟೆಂಪ್ ಡೈರೆಕ್ಟರಿಯಲ್ಲಿ. ಆ ಟೆಂಪ್ ಚಿಕ್ಕ ಪಾರ್ಟಿಷನ್‌ನಲ್ಲಿದ್ದರೆ ‘ಇನ್ನೊಡಿಬಿ_ಟೆಂಪ್‌ಡಿರ್’ ಅನ್ನು ದೊಡ್ಡದಕ್ಕೆ ತಿರುಗಿಸಿ. 80 ಜಿಬಿ ಟೇಬಲ್‌ಗೆ 120 ಜಿಬಿ ಖಾಲಿ ಇಲ್ಲದೆ ಕೈಹಾಕಬೇಡಿ.

1799 ಬೇರೆ: ಆಲ್ಟರ್ ಓಡುವಾಗ ಬಂದ ಬದಲಾವಣೆಗಳನ್ನು ಬರೆದಿಡುವ ಲಾಗ್ ತುಂಬಿದೆ. ‘ಇನ್ನೊಡಿಬಿ_ಆನ್‌ಲೈನ್_ಆಲ್ಟರ್_ಲಾಗ್_ಮ್ಯಾಕ್ಸ್_ಸೈಜ್’ ಡೀಫಾಲ್ಟ್ 128 ಎಂಬಿ. 1 ಜಿಬಿಗೆ ಏರಿಸಿ. ತೀರಾ ದೊಡ್ಡದು ಮಾಡಿದರೆ ಕೊನೆಯಲ್ಲಿ ಅದನ್ನೆಲ್ಲ ಹಚ್ಚುವಾಗ ಲಾಕ್ ಹೊತ್ತು ಹಿಗ್ಗುತ್ತದೆ.

ಪರ್ಕೋನಾದ ಪಿಟಿ-ಆನ್‌ಲೈನ್-ಸ್ಕೀಮಾ-ಚೇಂಜ್, ಗಿಟ್‌ಹಬ್‌ನ ಘೋಸ್ಟ್, ರಚನೆ ಬದಲಿಸುವ ಈ ಎರಡು ಉಪಕರಣಗಳಲ್ಲಿ ಯಾವುದು ಒಳ್ಳೆಯದು?

ಇನ್‌ಸ್ಟಂಟ್ ಆಗುವ ಕೆಲಸಕ್ಕೆ ಎರಡೂ ಬೇಡ. ಕಾಪಿ ಆಗುವ ಕೆಲಸಕ್ಕೆ, ಅಥವಾ ರೆಪ್ಲಿಕಾ (ಮುಖ್ಯ ಸರ್ವರನ್ನು ಅನುಸರಿಸುವ ನಕಲು ಸರ್ವರ್) ಇರುವ ಕಡೆ, ಬೇಕೇ ಬೇಕು. ಮುಖ್ಯ ಸರ್ವರ್‌ನಲ್ಲಿ ಒಂದು ಗಂಟೆ ಓಡಿದ ಆಲ್ಟರ್ ಅಲ್ಲಿ ಮುಗಿದ ಮೇಲೆ ರೆಪ್ಲಿಕಾದಲ್ಲಿ ಶುರುವಾಗುತ್ತದೆ, ಅಷ್ಟು ಹೊತ್ತು ರೆಪ್ಲಿಕಾ ಹಿಂದೆ ಬೀಳುತ್ತದೆ.

ಎರಡೂ ಪಕ್ಕದಲ್ಲಿ ಹೊಸ ಟೇಬಲ್ ಕಟ್ಟಿ, ತುಂಡು ತುಂಡಾಗಿ ಸಾಲು ಸಾಗಿಸಿ, ಕೊನೆಗೆ ಹೆಸರು ಅದಲುಬದಲು ಮಾಡುತ್ತವೆ. ಪರ್ಕೋನಾದ್ದು ನಡುವಿನ ಬದಲಾವಣೆಗಳನ್ನು ಟ್ರಿಗರ್‌ಗಳಿಂದ (ಸಾಲು ಬದಲಾದಾಗ ತಾನೇ ಓಡುವ ಕೋಡ್) ಹಿಡಿಯುತ್ತದೆ, ಬರವಣಿಗೆ ಜಾಸ್ತಿಯಿರುವ ಟೇಬಲ್‌ಗೆ ಅದು ಹೊರೆ. ಘೋಸ್ಟ್ ಬಿನ್‌ಲಾಗ್ (ಬದಲಾವಣೆಗಳನ್ನು ಸರ್ವರ್ ಬರೆದಿಡುವ ದಾಖಲೆ) ಓದಿ ಹಿಡಿಯುತ್ತದೆ, ನಡುವೆ ನಿಲ್ಲಿಸಿ ಮುಂದುವರಿಸಬಹುದು. ಅದಕ್ಕೆ ರೋ ಫಾರ್ಮ್ಯಾಟ್ ಬಿನ್‌ಲಾಗ್ ಬೇಕು, ಫಾರಿನ್ ಕೀ ಇರುವ ಟೇಬಲ್ ಅದಕ್ಕೆ ಒಗ್ಗುವುದಿಲ್ಲ. ಫಾರಿನ್ ಕೀ ಇದ್ದರೆ ಪರ್ಕೋನಾ, ಇಲ್ಲದಿದ್ದರೆ ಘೋಸ್ಟ್ ಎಂದು ನಾವು ಹೇಳುತ್ತೇವೆ. ಕೊನೆಯ ಅದಲುಬದಲಿಗೂ ಮೆಟಾಡೇಟಾ ಲಾಕ್ ಬೇಕು, ಮೊದಲ ಪ್ರಶ್ನೆಯ ಎತ್ತಿನಗಾಡಿ ಇಲ್ಲೂ ಇದೆ.

ಬಿಗಿನ್ ಕೊಟ್ಟು ಆಲ್ಟರ್ ಮಾಡಿ, ಸರಿಯಾಗದಿದ್ದರೆ ರೋಲ್‌ಬ್ಯಾಕ್ ಮಾಡಬಹುದೇ?

ಮೈಎಸ್‌ಕ್ಯೂಎಲ್‌ನಲ್ಲಿ ಆಗದು, ಆಲ್ಟರ್ ಬಂದ ಕೂಡಲೇ ಅದುವರೆಗಿನದ್ದೆಲ್ಲ ಕಮಿಟ್ ಆಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಆಗುತ್ತದೆ, ‘ಕ್ರಿಯೇಟ್ ಇಂಡೆಕ್ಸ್ ಕನ್‌ಕರೆಂಟ್ಲಿ’ಯಂಥ ಕೆಲವನ್ನು ಬಿಟ್ಟು.

ಹಿಂದೆ ಸರಿಯುವ ದಾರಿ ಬೇಕಿದ್ದರೆ ಬದಲಾವಣೆಯನ್ನೇ ಒಡೆಯಬೇಕು. ‘ಮೊಬೈಲ್’ ಕಾಲಂ ಅನ್ನು ‘ಫೋನ್’ ಎಂದು ಬದಲಿಸಬೇಕು ಎಂದುಕೊಳ್ಳಿ. ಮರುಹೆಸರಿಸಿದ ಕ್ಷಣ ಹಳೆಯ ಕೋಡ್ ಮುರಿಯುತ್ತದೆ. ಬದಲಿಗೆ ‘ಫೋನ್’ ಸೇರಿಸಿ, ಕೋಡ್ ಎರಡಕ್ಕೂ ಬರೆಯುವಂತೆ ಮಾಡಿ, ಹಳೆಯ ಸಾಲುಗಳನ್ನು 5,000ರ ಕಂತಿನಲ್ಲಿ ತುಂಬಿಸಿ, ಓದುವುದನ್ನು ಹೊಸದಕ್ಕೆ ತಿರುಗಿಸಿ, ಒಂದೆರಡು ವಾರ ನೋಡಿ ‘ಮೊಬೈಲ್’ ತೆಗೆಯಿರಿ. ಬೇಸರದ ಕೆಲಸವೇ. ಆದರೆ ಕೊನೆಯ ಹೆಜ್ಜೆಯವರೆಗೆ ಪ್ರತಿಯೊಂದರಿಂದಲೂ ವಾಪಸ್ ಬರಬಹುದು.

ರಚನೆ ಬದಲಾದ ಮೇಲೆ ಎಲ್ಲ ನಿಧಾನವಾಗಿದೆ.

‘ಅನಲೈಜ್ ಟೇಬಲ್’ ಕೊಡಿ. ಇನ್ನೊಡಿಬಿ ಅಂಕಿಅಂಶವನ್ನು ಪ್ರತಿ ಇಂಡೆಕ್ಸಿನ 20 ಪೇಜ್ ಮಾದರಿ ನೋಡಿ ಅಂದಾಜಿಸುತ್ತದೆ, ಅಂದಾಜು ತಪ್ಪಿದರೆ ತಪ್ಪು ಇಂಡೆಕ್ಸ್ ಹಿಡಿಯುತ್ತದೆ. ‘ಎಕ್ಸ್‌ಪ್ಲೇನ್’ನಲ್ಲಿ ಹಳೆಯ ಇಂಡೆಕ್ಸೇ ಬರುತ್ತಿದೆಯೇ ನೋಡಿ. ಎರಡು ಟೇಬಲ್ ಜಾಯಿನ್ ಆಗುವ ಕಾಲಂಗಳಲ್ಲಿ ಒಂದರ ಕೊಲೇಷನ್ ಮಾತ್ರ ಬದಲಾಗಿದ್ದರೆ ಇಂಡೆಕ್ಸ್ ಇದ್ದೂ ಇಲ್ಲದಂತೆ, ಇದನ್ನು ಮೊದಲು ಅನುಮಾನಿಸಿ. ಎಲ್ಲ ಸರಿಯಿದ್ದರೆ ಸ್ವಲ್ಪ ಕಾಯಿರಿ: ಮರುಕಟ್ಟಿದ ಮೇಲೆ ಬಫರ್ ಪೂಲ್ (ಡೇಟಾ ಇಟ್ಟುಕೊಳ್ಳುವ ಮೆಮರಿ) ಮತ್ತೆ ಬೆಚ್ಚಗಾಗಲು ಹೊತ್ತು ಬೇಕು.

ಆಪ್ಟಿಮೈಜ್ ಟೇಬಲ್ ವಾರಕ್ಕೊಮ್ಮೆ ಓಡಿಸಬೇಕೇ?

ಬೇಡ. ಇನ್ನೊಡಿಬಿಗೆ ಅದು ಪೂರ್ತಿ ಮರುಕಟ್ಟುವಿಕೆ ಮತ್ತು ಅನಲೈಜ್, ಸಂದೇಶದಲ್ಲೇ ಹಾಗೆಂದು ಹೇಳುತ್ತದೆ. ಕೋಟಿ ಸಾಲು ಡಿಲೀಟ್ ಮಾಡಿದ ಮೇಲೆ ಫೈಲ್ ಗಾತ್ರ ಇಳಿಯದಿದ್ದರೆ ಗಾಬರಿ ಬೇಡ, ಆ ಜಾಗ ಹೊಸ ಸಾಲುಗಳಿಗೆ ಸಿಗುತ್ತದೆ. ಆಪರೇಟಿಂಗ್ ಸಿಸ್ಟಂಗೆ ವಾಪಸ್ ಬೇಕೇ ಬೇಕು ಎಂದಾಗ ಮಾತ್ರ ಓಡಿಸಿ.

ಹಾಗಾದರೆ ನಿಯಮಿತವಾಗಿ ನೋಡಬೇಕಾದದ್ದೇನು?

ದಿನವೂ ‘ಶೋ ಎಂಜಿನ್ ಇನ್ನೊಡಿಬಿ ಸ್ಟೇಟಸ್’ನ ‘ಹಿಸ್ಟರಿ ಲಿಸ್ಟ್ ಲೆಂಗ್ತ್’ ಗಮನಿಸಿ. ಅದು ಇಳಿಯದೆ ಏರುತ್ತಲೇ ಇದ್ದರೆ ಎಲ್ಲೋ ಒಂದು ಟ್ರಾನ್ಸಾಕ್ಷನ್ ಮುಚ್ಚದೆ ಬಿದ್ದಿದೆ, ಸಾಲುಗಳ ಹಳೆಯ ಆವೃತ್ತಿಗಳನ್ನು ಗುಡಿಸಲಾಗುತ್ತಿಲ್ಲ. ನಾಳೆ ನಿಮ್ಮ ಆಲ್ಟರನ್ನು ತಡೆಯುವುದೂ ಅದೇ.

ತಿಂಗಳಿಗೊಮ್ಮೆ ‘ಸಿಸ್’ನ ‘ಸ್ಕೀಮಾ_ರಿಡಂಡಂಟ್_ಇಂಡೆಕ್ಸಸ್’ ಮತ್ತು ‘ಸ್ಕೀಮಾ_ಅನ್‌ಯೂಸ್ಡ್_ಇಂಡೆಕ್ಸಸ್’ ನೋಡಿ. ಎರಡನೆಯದು ಸರ್ವರ್ ಶುರುವಾದಾಗಿನ ಲೆಕ್ಕ ಮಾತ್ರ. ನಿನ್ನೆ ರೀಸ್ಟಾರ್ಟ್ ಆದ ಸರ್ವರ್‌ನಲ್ಲಿ ಮಾರ್ಚ್ 31ರ ವರ್ಷಾಂತ್ಯದ ವರದಿಯ ಇಂಡೆಕ್ಸ್ ಕೂಡ ‘ಬಳಕೆಯಿಲ್ಲ’ ಎಂದೇ ಕಾಣುತ್ತದೆ. ಹಾಗಾಗಿ ಕಿತ್ತೊಗೆಯದೆ ಮೊದಲು ‘ಆಲ್ಟರ್ ಇಂಡೆಕ್ಸ್ … ಇನ್‌ವಿಸಿಬಲ್’ ಮಾಡಿ. ಯಾರಾದರೂ ಕೂಗಿದರೆ ಕ್ಷಣದಲ್ಲಿ ‘ವಿಸಿಬಲ್’ ಮಾಡಬಹುದು, ಕಿತ್ತ ಇಂಡೆಕ್ಸ್ ಮತ್ತೆ ಕಟ್ಟಲು ಗಂಟೆ ಬೇಕು.

ಬ್ಯಾಕಪ್ ತೆಗೆದರೆ ಸಾಲದು, ಬೇರೆ ಯಂತ್ರದಲ್ಲಿ ರಿಸ್ಟೋರ್ ಮಾಡಿ ಸಾಲು ಎಣಿಸಿ ನೋಡಿ. ರಿಸ್ಟೋರಿಗೆ ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಿ.

ಬ್ಯಾಕಪ್ ಓಡುವಾಗ ಆಲ್ಟರ್ ಮಾಡಿದರೆ?

‘ಮೈಎಸ್‌ಕ್ಯೂಎಲ್‌ಡಂಪ್’ ಅನ್ನು ‘ಸಿಂಗಲ್-ಟ್ರಾನ್ಸಾಕ್ಷನ್’ ಆಯ್ಕೆಯಲ್ಲಿ ಓಡಿಸುತ್ತಿದ್ದರೆ ಮೂರು ಸಂಗತಿ ನಡೆಯಬಹುದು. ಡಂಪ್ ಆಗಲೇ ದಾಟಿಹೋದ ಟೇಬಲ್ ಆದರೆ ಆಲ್ಟರ್ ಸಲೀಸು. ಈಗ ಓದುತ್ತಿರುವ ಟೇಬಲ್ ಆದರೆ ಆಲ್ಟರ್ ಕಾಯುತ್ತದೆ, ಅದರ ಹಿಂದೆ ಸೈಟ್ ಕಾಯುತ್ತದೆ. ಇನ್ನೂ ಮುಟ್ಟದ ಟೇಬಲ್ ಆದರೆ ಆಲ್ಟರ್ ಆರಾಮವಾಗಿ ಮುಗಿಯುತ್ತದೆ, ಡಂಪ್ ಅಲ್ಲಿಗೆ ಬಂದಾಗ ಎರರ್ 1412 ಎಂದು ನಿಂತುಬಿಡುತ್ತದೆ. ಕ್ರಾನ್ (ನಿಗದಿತ ಹೊತ್ತಿಗೆ ಬ್ಯಾಕಪ್ ಓಡಿಸುವ ವ್ಯವಸ್ಥೆ) ಆ ಎರರನ್ನು ಯಾರಿಗೂ ಮೇಲ್ ಮಾಡದಿದ್ದರೆ ಅರ್ಧ ಬರೆದ ಫೈಲೇ ಆ ದಿನದ ಬ್ಯಾಕಪ್ ಆಗಿ ಕೂತಿರುತ್ತದೆ. ಫೈಲಿನ ಕೊನೆಯ ಸಾಲು ನೋಡಿ: ಡೀಫಾಲ್ಟ್ ಆಯ್ಕೆಗಳಲ್ಲಿ ತೆಗೆದ ಪೂರ್ತಿ ಡಂಪ್ ‘ಡಂಪ್ ಕಂಪ್ಲೀಟೆಡ್’ ಎಂಬ ಕಾಮೆಂಟಿನಿಂದ ಮುಗಿಯುತ್ತದೆ. ಬ್ಯಾಕಪ್ ಸ್ಕ್ರಿಪ್ಟ್ ಆ ಸಾಲನ್ನು ಹುಡುಕಿ, ಸಿಗದಿದ್ದರೆ ಹಳೆಯ ಬ್ಯಾಕಪ್ ಅಳಿಸದಂತೆ ಮಾಡಿಡಿ.